ಗಾಡಿಯೊಳಗೆ ನೀರು: ದೋಣಿ ಎಲ್ಲಿ ಕಟ್ಟಿದೆ?

ಕಳೆದ ವರ್ಷ ಉತ್ತರೆ ಮಳೆ ಬಿಡದೆ ಹೊಡೆಯುತ್ತಿದ್ದಾಗ ಜೇವರ್ಗಿ ಕಡೆಯ ಮಾಸ್ತರ್ ಒಬ್ಬರು ನಮ್ಮ ಗ್ಯಾರೇಜಿಗೆ ಬಂದರು. ಗಾಡಿ ತಗೊಂಡು ಎರಡು ತಿಂಗಳೂ ಆಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಎಸ್‌ಯುವಿ, ಏಳು ಸೀಟು, ಡೀಸೆಲ್, ಮೇಲೆ ಸನ್‌ರೂಫ್, ತೆಲಂಗಾಣ ಪಾಸಿಂಗ್. ಇಳಿದವರೇ, "ಮಿಸ್ತ್ರಿ, ಗಾಡ್ಯಾಗ ನೀರ್ ಬರ್ಲಾಕತ್ತಾವ. ಎಲ್ಲಿಂದ ಬರ್ತಾವ ಅಂತ ತಿಳೀವಲ್ದು" ಅಂದರು.

ಬಾಗಿಲು ತೆಗೆದೆ. ತೊಗರಿ ಗೋದಾಮಿನಲ್ಲಿ ನೆನೆದ ಗೋಣಿಚೀಲದ ವಾಸನೆ. ಡ್ರೈವರ್ ಪಕ್ಕದ ಸೀಟಿನ ಮುಂದೆ ಮ್ಯಾಟ್ ಒಣಗಿತ್ತು. ಅದರ ಕೆಳಗಿನ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಿಂದ ನೀರು ಬಂತು. ತಲೆ ಎತ್ತಿ ನೋಡಿದರೆ ಸನ್‌ರೂಫ್ ಗಾಜಿನ ಸುತ್ತ ಬಿಳಿ ಸಿಲಿಕಾನ್ ಮೆತ್ತಿದೆ. ಎಲ್ಲೋ ಒಂದು ಕಡೆ ತೋರಿಸಿದ್ದಾರೆ, ಅವರು "ಇಲ್ಲಿಂದಲೇ ಬರುತ್ತದೆ" ಅಂತ ಬಳಿದು ಕಳಿಸಿದ್ದಾರೆ. ಎರಡು ಮಳೆಗೆ ನಿಂತಿತ್ತಂತೆ. ಮೂರನೆಯದಕ್ಕೆ ಮತ್ತೆ ಶುರು.

ಇಲ್ಲಿ ಒಂದು ಮಾತು ಹೇಳಬೇಕು. ಗಾಡಿ ಅಂದರೆ ನೀರೇ ಹೋಗದ ಡಬ್ಬಿ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಹಾಗಲ್ಲ. ಅದು ನಮ್ಮ ಹಳ್ಳಿಯ ಮಾಳಿಗೆ ಮನೆ ಇದ್ದ ಹಾಗೆ. ಮಾಳಿಗೆ ಮೇಲೆ ನೀರು ಬೀಳುತ್ತದೆ, ದೋಣಿಯಿಂದ, ಅಂದರೆ ಮಾಳಿಗೆ ಅಂಚಿನ ಕೊಳವೆಯಿಂದ, ಹೊರಗೆ ಹೋಗುತ್ತದೆ. ದೋಣಿಯ ಬಾಯಿ ಕಟ್ಟಿಕೊಂಡ ದಿನ ಮನೆ ಸೋರುತ್ತದೆ. ಸನ್‌ರೂಫ್ ಗಾಜಿನ ಸುತ್ತಲಿನ ರಬ್ಬರ್ ಹೊಸದಿದ್ದಾಗಲೂ ಸ್ವಲ್ಪ ನೀರು ಒಳಗೆ ಬಿಡುತ್ತದೆ. ಆ ನೀರು ಹಿಡಿಯಲು ಗಾಜಿನ ಕೆಳಗೆ ತಟ್ಟೆ ಇರುತ್ತದೆ. ತಟ್ಟೆಯ ಮೂಲೆಗಳಿಂದ ಸಣ್ಣ ಪೈಪುಗಳು ಗಾಡಿಯ ಛಾವಣಿ ಹೊತ್ತ ಕಂಬಗಳೊಳಗೆ ಇಳಿದು ಹೊರಗೆ ಹೋಗುತ್ತವೆ. ಬಾಗಿಲಿನ ಗಾಜಿನ ಪಕ್ಕದಿಂದಲೂ ನೀರು ಬಾಗಿಲೊಳಗೆ ಇಳಿಯುತ್ತದೆ, ಅಡಿಯ ತೂತುಗಳಿಂದ ಹೊರಗೆ ಬೀಳುತ್ತದೆ. ವೈಪರ್ ಕೆಳಗಿನ ಜಾಗದ್ದೂ ಅದೇ ಕಥೆ. ಹಾಗಾಗಿ ನಮ್ಮ ಕಡೆಗೆ ಬರುವ ಸೋರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಹೊಸ ತೂತನ್ನಲ್ಲ, ಮುಚ್ಚಿಹೋದ ಹಳೆ ತೂತನ್ನ.

ಇನ್ನೊಂದು, ಒದ್ದೆಯಾದ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧ ಇರಬೇಕು ಅಂತಿಲ್ಲ. ನೀರು ತಗಡಿನ ಅಂಚು ಹಿಡಿದು, ವೈರಿನ ಕಟ್ಟು ಹಿಡಿದು ಎರಡು ಮೂರು ಅಡಿ ದೂರ ಹೋಗಿ ಬೀಳುತ್ತದೆ. ಕೊನೆಗೆ ಫ್ಲೋರಿನ ತಗ್ಗಿನಲ್ಲಿ ನಿಲ್ಲುತ್ತದೆ. ಕಾರ್ಪೆಟ್ ಕೆಳಗಿನ ಫೋಮ್ ಅದನ್ನ ಸ್ಪಂಜಿನಂತೆ ಕುಡಿಯುತ್ತದೆ. ನಮ್ಮ ಬಿಸಿಲಿಗೆ ಮೇಲ್ಭಾಗ ಒಂದೇ ದಿನದಲ್ಲಿ ಒಣಗುತ್ತದೆ, ಕೆಳಗೆ ಹದಿನೈದು ದಿನವಾದರೂ ಹಸಿ. "ಮಳೆ ನಿಂತ ಮೇಲೆ ಸರಿ ಹೋಯ್ತು" ಅನ್ನುವವರ ಗಾಡಿಯಲ್ಲಿ ನಾನು ಕಾರ್ಪೆಟ್ ಎತ್ತದೆ ಒಪ್ಪುವುದಿಲ್ಲ.

ಮಾಸ್ತರ ಗಾಡಿಗೆ ಬರೋಣ. ಮ್ಯಾಟ್ ತೆಗೆದು, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಮಡಚಿ ನೀರು ಒರೆಸಿದೆವು. ಒಣಗಿದ ತಗಡಿನ ಮೇಲೆ ಹಳೆ ಪೇಪರ್ ಹಾಸಿದೆವು. ಪೇಪರಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ನಮ್ಮ ಹುಡುಗ ಟಾರ್ಚ್ ಹಿಡಿದು ಒಳಗೆ ಕುಳಿತ, ಗಾಜು ಏರಿಸಿದ. ನಾನು ಹೊರಗೆ ಪೈಪ್ ಹಿಡಿದೆ.

ಪೈಪಿನ ನೀರು ಸಣ್ಣಗೆ ಬರಬೇಕು, ಗಿಡಕ್ಕೆ ಹಾಯಿಸಿದ ಹಾಗೆ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಬೇಡವೇ ಬೇಡ. ಅದು ಸರಿಯಿರುವ ರಬ್ಬರನ್ನೂ ದಾಟಿ ಒಳಗೆ ನುಗ್ಗುತ್ತದೆ, ಇಲ್ಲದ ಸೋರಿಕೆ ತೋರಿಸುತ್ತದೆ. ಇನ್ನು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಮೇಲೆ ಹಾಕಿದರೆ ನೀರು ಎಲ್ಲದರ ಮೇಲೂ ಹರಿಯುತ್ತದೆ, ಯಾವುದು ಕಳ್ಳ ಅಂತ ಹೇಗೆ ಹೇಳುತ್ತೀರಿ? ಬಾಗಿಲಿನ ಅಡಿ ಹತ್ತು ನಿಮಿಷ. ಏನೂ ಇಲ್ಲ. ವೈಪರ್ ಕೆಳಗೆ ಹತ್ತು ನಿಮಿಷ. ಇಲ್ಲ. ಮುಂದಿನ ಗಾಜಿನ ಅಂಚು. ಅಲ್ಲೂ ಇಲ್ಲ. ಮಾಸ್ತರ್ ಎರಡನೇ ಚಹಾ ಮುಗಿಸಿ ಗಡಿಯಾರ ನೋಡತೊಡಗಿದರು. ಈ ಕೆಲಸದಲ್ಲಿ ಅರ್ಧ ಕೂಲಿ ಸುಮ್ನೆ ನಿಂತಿದ್ದಕ್ಕೇ.

ಸನ್‌ರೂಫ್ ಮೇಲೆ ನೀರು ಬಿಟ್ಟು ಆರೇಳು ನಿಮಿಷ ಆಗಿರಬೇಕು. ಒಳಗಿನಿಂದ ಹುಡುಗ ಗಾಜು ಬಡಿದ. ಎಡಗಡೆ ಮುಂದಿನ ಕಂಬದ ಪ್ಲಾಸ್ಟಿಕ್ ಕೆಳಗಿನಿಂದ ಒಂದು ಹನಿ, ಆಮೇಲೆ ಇನ್ನೊಂದು, ಆಮೇಲೆ ದಾರದಂತೆ. ಅದು ಡ್ಯಾಶ್‌ಬೋರ್ಡ್ ಹಿಂದೆ ಇಳಿದು, ವೈರಿನ ಕಟ್ಟಿನ ಮೇಲೆ ಹರಿದು, ಸರಿಯಾಗಿ ಮಾಸ್ತರಮ್ಮ ಕಾಲಿಡುವ ಜಾಗಕ್ಕೆ ಬೀಳುತ್ತಿತ್ತು.

ಆ ಪೈಪಿನ ಬಾಯಿ ಬಾಗಿಲ ಕೀಲಿನ ಹತ್ತಿರ, ಮಡ್‌ಗಾರ್ಡಿನ ಸಂದಿಯಲ್ಲಿತ್ತು. ತುದಿಗೆ ಸಣ್ಣ ರಬ್ಬರ್ ಟೋಪಿ. ಅದರಲ್ಲಿ ಸೀಳಿದಂಥ ಕಿರಿದಾದ ಬಾಯಿ. ಹುಳ ಹೋಗಬಾರದು ಅಂತ ಮಾಡಿದ್ದು. ಹುಳ ಹೋಗಿರಲಿಲ್ಲ, ಎರೆಮಣ್ಣು ಹೋಗಿತ್ತು. ನಮ್ಮ ಕಡೆಯ ಕಪ್ಪು ಮಣ್ಣು ಗೊತ್ತಲ್ಲ, ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಟೋಪಿ ಹಿಂಡಿದಾಗ ಒಳಗಿನಿಂದ ಕಪ್ಪು ಬೆಣೆ ಬಂತು, ಬಾಟಲಿಯ ಬೂಚಿನ ಹಾಗೆ. ಅದರ ಹಿಂದೆ ಒಂದು ಚೊಂಬಿನಷ್ಟು ಕಪ್ಪು ನೀರು ಬುಳಕ್ ಅಂತ ಸುರಿಯಿತು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ, ಮಳಖೇಡ ಕಡೆಯ ಗಾಡಿಗಳಲ್ಲಿ ಇದೇ ಜಾಗದಲ್ಲಿ ಸಿಮೆಂಟ್ ಧೂಳು ಕೂತಿರುತ್ತದೆ. ಅದು ಇನ್ನೂ ಹಟಮಾರಿ.

ಇದನ್ನ ನೀವೇ ಮಾಡುವವರಿದ್ದರೆ ಎರಡು ಎಚ್ಚರಿಕೆ. ಕಂಪ್ರೆಸರ್ ಗಾಳಿಯನ್ನ ಮೇಲಿನಿಂದ ಜೋರಾಗಿ ಹೊಡೆಯಬೇಡಿ. ಪೈಪು ಕಂಬದೊಳಗೆ ತಟ್ಟೆಯಿಂದ ಕಳಚಿಕೊಂಡರೆ ಸೀಲಿಂಗ್ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಗಟ್ಟಿ ತಂತಿಯೂ ಬೇಡ, ಪೈಪು ತೂತಾಗುತ್ತದೆ. ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ತಟ್ಟೆಯ ಮೂಲೆಗೆ ಒಂದು ಲೋಟ ನೀರು ನಿಧಾನಕ್ಕೆ ಹಾಕಿ. ಕೆಳಗೆ ಚಕ್ರದ ಹತ್ತಿರ ತಕ್ಷಣ ಹರಿಯಬೇಕು. ಹಿಂದಿನ ಮೂಲೆಗಳನ್ನೂ ಮರೆಯಬೇಡಿ, ಅವುಗಳ ಬಾಯಿ ಸಾಮಾನ್ಯವಾಗಿ ಹಿಂದಿನ ಚಕ್ರ ಅಥವಾ ಬಂಪರ್ ಕಡೆ ಇರುತ್ತದೆ.

ಎಲ್ಲ ಗಾಡಿಯಲ್ಲೂ ಸನ್‌ರೂಫೇ ಕಾರಣ ಅಲ್ಲ. ಎಡಗಡೆ ಮುಂದೆ ಒದ್ದೆ ಅಂದರೆ ನನ್ನ ಎರಡನೇ ಅನುಮಾನ ಎಸಿ ಮೇಲೆ. ಎಸಿ ಗಾಳಿಯಲ್ಲಿನ ತೇವ ಹಿಂಡಿ ನೀರು ಮಾಡುತ್ತದೆ, ಆ ನೀರು ಒಂದು ರಬ್ಬರ್ ಪೈಪಿನಿಂದ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಪೈಪ್ ಕಟ್ಟಿದರೆ ಕಾಲಡಿಗೆ ಬರುತ್ತದೆ. ಇದರಲ್ಲಿ ಒಂದು ಮೋಸ ಇದೆ. ಮೇ ತಿಂಗಳಲ್ಲಿ ಕಲಬುರಗಿಯ ಗಾಳಿ ಹಪ್ಪಳದ ಹಾಗೆ ಒಣ, ಎಸಿ ದಿನವಿಡೀ ಓಡಿದರೂ ನೀರು ಕಡಿಮೆ. ಜುಲೈ ಬಂದು ಗಾಳಿ ಹಸಿಯಾದಾಗ ಅದೇ ಎಸಿ ಲೋಟಗಟ್ಟಲೆ ನೀರು ಬಿಡುತ್ತದೆ. ಮಳೆಗಾಲದಲ್ಲಿ ಶುರುವಾಯಿತು, ಹಾಗಾದರೆ ಮಳೆ ನೀರೇ ಅಂತ ಜನ ತಿಳಿಯುತ್ತಾರೆ. ಮಳೆ ಇಲ್ಲದಾಗ ಒಣ ನೆಲದ ಮೇಲೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಎಸಿ ಓಡಿಸಿ. ಕೆಳಗೆ ಹನಿ ಬಿದ್ದರೆ ಒಳ್ಳೆಯ ಸುದ್ದಿ. ಹಸಿ ದಿನದಲ್ಲೂ ನೆಲ ಒಣಗಿದ್ದು ಒಳಗೆ ಮ್ಯಾಟ್ ಹಸಿಯಾದರೆ ಉತ್ತರ ಸಿಕ್ಕಿತು.

ಆ ನೀರನ್ನ ಬೆರಳಿಗೆ ಮುಟ್ಟಿಸಿ ನೋಡಿ. ಅಂಟಂಟು, ಬಣ್ಣ, ಸಿಹಿ ವಾಸನೆ ಇದ್ದರೆ ಅದು ನೀರಲ್ಲ, ಇಂಜಿನ್ ತಂಪು ಮಾಡುವ ಕೂಲೆಂಟ್. ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಸೋರುತ್ತಿದೆ. ಗಾಜಿನ ಒಳಗೆ ಎಣ್ಣೆ ಮಂಜು ಕಟ್ಟುತ್ತದೆ. "ನಾವು ಹೀಟರೇ ಹಾಕಿಲ್ಲ" ಅನ್ನಬೇಡಿ, ಎಷ್ಟೋ ಗಾಡಿಗಳಲ್ಲಿ ಹಾಕದಿದ್ದರೂ ಬಿಸಿ ಕೂಲೆಂಟ್ ಅದರೊಳಗೆ ಸುತ್ತುತ್ತಲೇ ಇರುತ್ತದೆ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ವಿಷ.

ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿ ನೋಡಿ. ಬೇವಿನ ಎಲೆ ಸಣ್ಣದು, ಜಾಲರಿಯಿಂದ ನುಸುಳಿ ಒಳಗೆ ಗೊಬ್ಬರವಾಗುತ್ತದೆ. ನೀರು ಹೋಗುವ ದಾರಿ ಮುಚ್ಚಿದರೆ ಅಲ್ಲಿ ಕೆರೆ ನಿಲ್ಲುತ್ತದೆ. ಹೊರಗಿನ ಗಾಳಿ ಎಳೆಯುವ ಬ್ಲೋವರ್ ಬಾಯಿ ಅಲ್ಲೇ ಇರುವುದರಿಂದ ನೀರು ಅದರೊಳಗೇ ಇಳಿಯುತ್ತದೆ. ಬ್ಲೋವರ್ ಹಾಕಿದಾಗ ಗುಳುಗುಳು ಸದ್ದು ಬಂದರೆ ಇದೇ.

ಸೆಕೆಂಡ್ ಹ್ಯಾಂಡ್ ಗಾಡಿ ಅಂದರೆ ಹಿಂದಿನ ಮಾಲೀಕನ ಶೋಕಿಯೂ ಜೊತೆಗೆ ಬರುತ್ತದೆ. ದೊಡ್ಡ ಸ್ಪೀಕರ್ ಹಾಕಿಸುವಾಗ ಬಾಗಿಲ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿರುತ್ತಾರೆ. ಬಾಗಿಲೊಳಗಿನ ನೀರನ್ನ ಈಚೆ ಬರದಂತೆ ತಡೆಯುವುದು ಆ ಹಾಳೆಯೇ. ಹಾರ್ನಿಗೆ, ಫಾಗ್ ಲೈಟಿಗೆ ವೈರ್ ಎಳೆಯಲು ಇಂಜಿನ್ ಹಿಂದಿನ ಗೋಡೆಯ ರಬ್ಬರ್ ಚುಚ್ಚಿರುತ್ತಾರೆ. ಮೇಲೆ ಕ್ಯಾರಿಯರ್ ಕೂರಿಸಿ ತೆಗೆದಿದ್ದರೆ ಬೋಲ್ಟಿನ ತೂತು ಉಳಿದಿರುತ್ತದೆ. ಮುಂದಿನ ಗಾಜು ಬದಲಾಗಿದ್ದರೆ ಅಂಟು ಎಲ್ಲೋ ಬಿಟ್ಟಿರಬಹುದು. ಇಲ್ಲಿ ಪೈಪ್ ಬದಲು ಸೋಪಿನ ನೀರು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಜು ಏರಿಸಿ, ಹೊರಗಿನ ಗಾಳಿ ಎಳೆಯುವ ಬಟನ್ ಒತ್ತಿ, ಬ್ಲೋವರ್ ಪೂರ್ತಿ ಇಡಿ. ಹೊರಗೆ ಅಂಚಿಗೆ ಸೋಪಿನ ನೀರು ಬಳಿಯಿರಿ. ಸಂದಿ ಇದ್ದಲ್ಲಿ ಗುಳ್ಳೆ ಏಳುತ್ತದೆ.

ಡಿಕ್ಕಿ ಒದ್ದೆಯಿದ್ದರೆ ಹಿಂದಿನ ಲೈಟಿನ ರಬ್ಬರ್, ಹಿಂದಿನ ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್, ಹಿಂದಿನ ವೈಪರಿಗೆ ನೀರು ಒಯ್ಯುವ ಪೈಪು ನೋಡಿ. ಪೈಪ್ ಬಿಟ್ಟುಕೊಂಡಿದ್ದರೆ ಮಳೆಯೇ ಬೇಕಾಗಿಲ್ಲ, ಹಿಂದಿನ ಗಾಜು ತೊಳೆದಾಗಲೆಲ್ಲ ಒಳಗೆ ಸೋರುತ್ತದೆ.

ಇನ್ನು ಮುಳುಗಿದ ಗಾಡಿ ಬೇರೆಯೇ ಜಾತಿ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೂ ನೆರೆ ಬಂತು, ನಮ್ಮ ಭೀಮೆಯೂ ಉಕ್ಕಿದಳು. ಅಂಥ ನೀರು ಕುಡಿದ ಗಾಡಿ ತೊಳೆಸಿಕೊಂಡು, ಸೆಂಟು ಹೊಡೆಸಿಕೊಂಡು ಮಾರಾಟಕ್ಕೆ ನಿಂತರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟ್ ಕೊನೆವರೆಗೆ ಎಳೆದು ನೋಡಿ, ಸುರುಳಿಯ ಒಳಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ ಕೈ ಮುಗಿದು ಬನ್ನಿ. ಸೀಟಿನ ಕೆಳಗಿನ ಹಳಿ, ಡ್ಯಾಶ್‌ಬೋರ್ಡಿನ ಅಡಿಯ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಸೋರಿಕೆಯ ಗಾಡಿ ಒಂದು ಮೂಲೆಯಲ್ಲಿ ಒದ್ದೆ, ಮುಳುಗಿದ ಗಾಡಿಯ ಗುರುತು ನಾಲ್ಕೂ ಮೂಲೆಯಲ್ಲಿ. ಮಾಸ್ತರ ಗಾಡಿ ಈ ಪರೀಕ್ಷೆಯಲ್ಲಿ ಪಾಸಾಯಿತು. ಅವರ ಮುಖ ಅಲ್ಲಿಗೆ ಸ್ವಲ್ಪ ಸಡಿಲವಾಯಿತು.

ಆದರೂ ಅವರ ಸೀಟಿನ ಕೆಳಗಿನ ಒಂದು ಕನೆಕ್ಟರ್ ಪಿನ್ ಹಸಿರು ತಿರುಗಿತ್ತು. ಈಗಿನ ಗಾಡಿಗಳಲ್ಲಿ ಕಾರ್ಪೆಟ್ ಕೆಳಗೂ ಸೀಟಿನ ಕೆಳಗೂ ವೈರ್ ಓಡುತ್ತವೆ. ಏರ್‌ಬ್ಯಾಗ್ ಲೈಟ್ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ, ಸೆಂಟರ್ ಲಾಕ್ ತನ್ನಷ್ಟಕ್ಕೆ ಟಕಟಕ ಅನ್ನುತ್ತದೆ. ಎಷ್ಟೋ ಸಲ ಕಾರಣ ಈ ಹಸಿ. ಸೀಟಿನ ಕೆಳಗಿನ ಹಳದಿ ಪ್ಲಗ್ ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾಯದೆ ಅದಕ್ಕೆ ಕೈ ಹಾಕಬೇಡಿ.

ಕಾರ್ಪೆಟ್ ಪೂರ್ತಿ ಈಚೆ ತೆಗೆದು ಅಂಗಳದ ಶಹಾಬಾದ್ ಪರಸಿ ಕಲ್ಲಿನ ಮೇಲೆ ಬೋರಲು ಹಾಕಿದೆವು. ಬೇಸಿಗೆಯಾದರೆ ಒಂದು ಮಧ್ಯಾಹ್ನ ಸಾಕು. ಆ ವಾರ ಬಿಸಿಲೇ ಇಲ್ಲ. ಒಳಗೆ ತಂದು ಫ್ಯಾನ್ ಹಚ್ಚಿ ಮೂರು ದಿನ ಇಟ್ಟೆವು. ಗಾಡಿ ಅಲ್ಲಿಯವರೆಗೆ ಬರೀ ತಗಡಿನಲ್ಲಿ ನಿಂತಿತ್ತು.

ಬಿಲ್ ನೋಡಿ ಮಾಸ್ತರ್ ಕನ್ನಡಕ ಏರಿಸಿದರು. ಡ್ರೈನ್ ಪೈಪ್ ಬಿಡಿಸಿದ್ದಕ್ಕೆ ಕಡಿಮೆ, ಸಿಲಿಕಾನ್ ಕಿತ್ತಿದ್ದಕ್ಕೆ ಜಾಸ್ತಿ. "ಇದೇನ್ ಮಿಸ್ತ್ರಿ, ತಿರಗಾಮುರಗಾ ಬರ್ದೀರೇನು?" ಅಂದರು. ಇಲ್ಲ ಸರ್ ಅಂದೆ. ಪೈಪಿಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಸಿಲಿಕಾನ್ ಕೆರೆದು ಗಾಜು ಮತ್ತೆ ಸರಿಯುವಂತೆ ಮಾಡಲು ಹುಡುಗನಿಗೆ ಒಂದಿಡೀ ಮಧ್ಯಾಹ್ನ ಹೋಗಿತ್ತು.