ಲಾಟೀನಿನ ಹಾಗೆ ತಲೆ ಹಿಡ್ಕೊಂಡವನು

ಎಂ.ಎ. ಕ್ಲಾಸಲ್ಲಿ ಇಟಲಿಯ ಕವಿ ಡಾಂಟೆಯ ಡಿವೈನ್ ಕಾಮಿಡಿ ಶುರು ಮಾಡಿದ ಮೊದಲ ವಾರದಲ್ಲೇ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ಸರ್, ಇದು ನಮ್ಮ ಮಾಡಿದ್ದುಣ್ಣೋ ಮಹರಾಯ ಅಲ್ವಾ" ಅಂತ. ಸುಮಾರು ವರ್ಷ ನಾನೂ ಹೌದಪ್ಪ ಅಂದು ಮುಂದಕ್ಕೆ ಹೋಗ್ತಿದ್ದೆ, ಸಿಲಬಸ್ ಮುಗೀಬೇಕಲ್ಲ. ಈಗ ಅಲ್ಲೇ ನಿಲ್ಲಿಸ್ತೀನಿ, ಯಾಕಂದ್ರೆ ಆ ಗಾದೆ ಹಿಡ್ಕೊಂಡು ಓದಿದ್ರೆ, ಡಾಂಟೆ ತಾನೇ ನರಕ ಸುತ್ತಿ ಬರೋ ಮೊದಲ ಭಾಗ ಇನ್ಫರ್ನೋ ಬರೀ ಪೊಲೀಸ್ ಸ್ಟೇಷನ್ ಲೆಕ್ಕ ಆಗ್ಬಿಡುತ್ತೆ, ಇಂಥ ತಪ್ಪಿಗೆ ಇಷ್ಟು ಏಟು ಅಂತ.

ಪಾಪದ ರೂಪಕ್ಕೆ ಹೊಂದೋ ಶಿಕ್ಷೆಗೆ ಡಾಂಟೆ ಬಳಸಿದ ಪದ ಕಾಂಟ್ರಪಾಸೊ. 100 ಸರ್ಗ, 14,233 ಸಾಲು ಇರೋ ಕಾವ್ಯದಲ್ಲಿ ಆ ಪದ ಬರೋದು ಒಂದೇ ಸಲ, ಇನ್ಫರ್ನೋ 28ನೇ ಸರ್ಗದ ಕೊನೇ ಸಾಲಲ್ಲಿ. ಅದನ್ನ ಹೇಳೋನು ಬೆರ್ತ್ರಾನ್ ದ ಬೋರ್ನ್ ಅಂತ, 12ನೇ ಶತಮಾನದ ದಕ್ಷಿಣ ಫ್ರಾನ್ಸಿನ ಕವಿ, ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಮೇಲೆ ಅವನ ಮಗನನ್ನೇ ಎತ್ತಿಕಟ್ಟಿದ ಅನ್ನೋದು ಅವನ ಪಾಪ. ಅಲ್ಲಿ ಅವನ ರುಂಡ ಬೇರೆ ಮುಂಡ ಬೇರೆ, ಕತ್ತರಿಸಿದ ತಲೆಯನ್ನ ಜುಟ್ಟು ಹಿಡಿದು ಲಾಟೀನು ತೂಗಾಡಿಸ್ಕೊಂಡು ಬಂದ ಹಾಗೆ ಬರ್ತಾನೆ, ಸೇತುವೆ ಕೆಳಗೆ ಬಂದು ನಿಂತಾಗ ಮೇಲಿದ್ದೋರಿಗೆ ಮಾತು ಕೇಳಿಸ್ಲಿ ಅಂತ ಕೈ ಎತ್ತಿ ತಲೇನ ಹತ್ರಕ್ಕೆ ಹಿಡೀತಾನೆ. ಅಪ್ಪ ಮಗನನ್ನ ಬೇರೆ ಮಾಡಿದೋನು ಈಗ ತಾನೇ ಎರಡು ತುಂಡು. ಇದು ಹೊರಗಿಂದ ಯಾರೋ ಕೊಟ್ಟ ಏಟಲ್ಲ ನೋಡಿ, ಅವನು ಮಾಡಿದ ಕೆಲಸ ಹೆಂಗಿತ್ತೋ ಅದೇ ಅವನ ಮೈ ಆಗಿದೆ.

ಮೊದಲನೇ ಸರ್ಗದಲ್ಲಿ ಬರೋ ಚಿರತೆ, ಸಿಂಹ, ಹೆಣ್ಣುತೋಳ ಯಾವುದಕ್ಕೆ ಸಂಕೇತ ಅಂತ ನೋಟ್ಸ್ ಬರೆಸೋದು ಎಲ್ಲಾ ಕಡೆ ಇದ್ದಿದ್ದೇ, ಕಾಮ, ಅಹಂಕಾರ, ದುರಾಸೆ ಅಂತ ಹಳೇ ವ್ಯಾಖ್ಯಾನಕಾರರು ಹೇಳಿದ್ದಾರೆ, ಬರ್ಕೊಳ್ಳಿ. ನನಗೆ ಅಲ್ಲಿ ಅಷ್ಟು ರುಚಿ ಇಲ್ಲ, ರುಚಿ ಇರೋದು 30ನೇ ಸರ್ಗದ ಮಾಸ್ಟರ್ ಆಡಮೊ ಹತ್ರ.

ಈತ ಖೋಟಾ ನಾಣ್ಯದೋನು. ಫ್ಲಾರೆನ್ಸಿನ ಫ್ಲೋರಿನ್ ಅಂದ್ರೆ 24 ಕ್ಯಾರೆಟ್ ಚಿನ್ನ, ಈತ ಅದಕ್ಕೆ 3 ಕ್ಯಾರೆಟ್ ಕಲಬೆರಕೆ ಸೇರಿಸಿದ, ಸಿಕ್ಕಿಬಿದ್ದು ಸುಟ್ಟುಹಾಕಿಸ್ಕೊಂಡ. ನರಕದಲ್ಲಿ ಅವನಿಗೆ ಜಲೋದರ. ಹೊಟ್ಟೆ ಊದಿ ಊದಿ ಆಳು ವೀಣೆ ಬುರುಡೆ ಥರ ಆಗಿದಾನೆ, ಮೈತುಂಬ ನೀರು, ಆದ್ರೆ ಬಾಯಾರಿಕೆಯಿಂದ ತುಟಿ ಬಿರಿದಿದೆ. ಕಸೆಂಟೀನೋ ಬೆಟ್ಟದಿಂದ ಆರ್ನೋ ನದಿಗಿಳಿಯೋ ತಣ್ಣನೆ ತೊರೆಗಳೇ ಅವನ ಕಣ್ಮುಂದೆ. ಒಂದು ತೊಟ್ಟು ನೀರು ಸಾಕು ಅಂತಾನೆ. ಆಮೇಲೆ ನೋಡಿ, ನನ್ನ ಕೈಲಿ ಈ ಕೆಲಸ ಮಾಡಿಸಿದ ಆ ಅಣ್ಣತಮ್ಮಂದಿರು ಇಲ್ಲಿ ಬಿದ್ದಿರೋದು ಕಣ್ಣಾರೆ ಕಂಡ್ರೆ ಬ್ರಾಂದಾ ಚಿಲುಮೆ ಕೊಟ್ರೂ ಬೇಡ, 100 ವರ್ಷಕ್ಕೆ ಒಂದಿಂಚು ಸರಿಯೋಷ್ಟು ಹಗುರಾಗಿದ್ರೂ ಅವರನ್ನ ಹುಡುಕ್ಕೊಂಡು ಇಷ್ಟೊತ್ತಿಗೆ ಹೊರಟುಬಿಡ್ತಿದ್ದೆ ಅಂತಾನೆ! ನೀರಿಗಿಂತ ಹಗೆ ಹೆಚ್ಚು. ಅಷ್ಟರಲ್ಲಿ ಪಕ್ಕದಲ್ಲಿ ಬಿದ್ದಿದ್ದ ಸಿನೋನ್, ಟ್ರಾಯ್ ಊರಿನೋರಿಗೆ ಮರದ ಕುದುರೆ ಬಗ್ಗೆ ಸುಳ್ಳು ಹೇಳಿದೋನು, ಆ ಹೊಟ್ಟೆಗೆ ಒಂದು ಗುದ್ದು ಕೊಡ್ತಾನೆ, ಡೋಲು ಬಡಿದ ಹಾಗೆ ಸದ್ದು ಬರುತ್ತೆ. ಇಬ್ರೂ ಕೊಳಾಯಿ ಜಗಳದ ಥರ ಬೈದಾಡ್ಕೋತಾರೆ, ಡಾಂಟೆ ಬಾಯಿಬಿಟ್ಕೊಂಡು ನೋಡ್ತಾ ನಿಂತು, ನರಕದಲ್ಲಿ ತನಗೆ ದಾರಿ ತೋರಿಸೋ ರೋಮನ್ ಕವಿ ವರ್ಜಿಲ್ ಹತ್ರ ಬೈಸ್ಕೋತಾನೆ.

ನಮ್ಮ ಹುಡುಗರಿಗೆ ಕಷ್ಟ ಆಗೋದು ಇದು ಎಂದೂ ಮುಗಿಯಲ್ಲ ಅನ್ನೋದು. ಕುಂಭೀಪಾಕ, ರೌರವ ಅಂತ ಕೇಳಿ ಬೆಳೆದೋರಿಗೆ ನರಕ ಅಂದ್ರೆ ಲೆಕ್ಕ ತೀರೋ ತನಕ, ಆಮೇಲೆ ಮತ್ತೆ ಜನ್ಮ ಇದ್ದೇ ಇದೆ. ಆ ಬುದ್ಧಿಗೆ ಹತ್ತಿರ ಇರೋದು ಎರಡನೇ ಭಾಗ, ಪಾಪ ತೊಳ್ಕೊಳ್ಳೋ ಬೆಟ್ಟದ ಕಥೆ ಪುರ್ಗತೋರಿಯೋ. ಅಲ್ಲಿ ಅಹಂಕಾರಿಗಳು ಬೆನ್ನ ಮೇಲೆ ಬಂಡೆ ಹೊತ್ತು ಬಗ್ಗಿ ನಡೀತಾರೆ, ಹೊಟ್ಟೆಕಿಚ್ಚಿನೋರ ರೆಪ್ಪೆಗಳನ್ನ ಕಬ್ಬಿಣದ ತಂತೀಲಿ ಹೊಲಿದಿರ್ತಾರೆ, ನೋವೇನು ಕಮ್ಮಿ ಇಲ್ಲ, ಆದ್ರೆ ಅವರು ಅದನ್ನ ಬೇಕು ಅಂತಲೇ ಪಡ್ತಾರೆ, ಬಂಡೆ ಹೊತ್ಕೊಂಡೇ ಪ್ರಾರ್ಥನೆ ಹೇಳ್ತಾರೆ. ಆಡಮೊಗೆ ಇನ್ನೂ ಆ ಅಣ್ಣತಮ್ಮಂದಿರದ್ದೇ ಧ್ಯಾನ.

ಇಷ್ಟೆಲ್ಲಾ ಹೇಳಿದ ಮೇಲೂ ನನಗೆ ಒಂದು ಕಡೆ ಲೆಕ್ಕ ಕೂಡಲ್ಲ, 15ನೇ ಸರ್ಗ. ಗಾಳಿ ಇಲ್ಲದ ಬೆಟ್ಟದಲ್ಲಿ ಹಿಮ ಬಿದ್ದ ಹಾಗೆ ಬೆಂಕಿ ಬೀಳೋ ಮರಳು, ಅಲ್ಲಿ ಡಾಂಟೆಗೆ ಬದುಕಲ್ಲಿ ದಾರಿ ತೋರಿದ ಹಿರಿಯ ಬ್ರುನೆತ್ತೊ ಲತೀನಿ. ಸಲಿಂಗಕಾಮಕ್ಕೆ ಇದು ಶಿಕ್ಷೆ ಅಂತ ಹೆಚ್ಚಿನವರು ಓದ್ತಾರೆ. ಸುಟ್ಟು ಕರಕಲಾದ ಮುಖದ ಗುರುತು ಹಿಡಿದು ಡಾಂಟೆ ಕೇಳ್ತಾನೆ, "ನೀವು ಇಲ್ಲಿದೀರಾ, ಬ್ರುನೆತ್ತೊ ಅವರೇ?" ಇಂಗ್ಲಿಷಲ್ಲಿ ಓದಿದ್ರೆ ಈ "ನೀವು" ಸಿಗಲ್ಲ, ಕನ್ನಡದಲ್ಲಿ ಸಲೀಸಾಗಿ ಬರುತ್ತೆ, ನರಕದಲ್ಲಿ ಅವನು ಬಹುವಚನ ಹಚ್ಚೋದು ಬೆರಳೆಣಿಕೆ ಜನಕ್ಕೆ ಮಾತ್ರ. ಆಮೇಲೆ ಉದ್ದಕ್ಕೂ ತಲೆ ಬಗ್ಗಿಸ್ಕೊಂಡೇ ನಡೀತಾನೆ. ಈ ಬೆಂಕಿ ಆ ಮನುಷ್ಯನ ಚಿತ್ರ ಅಂತ ನನಗೆ ಯಾವತ್ತೂ ಅನ್ಸಿಲ್ಲ, ಬರೆದೋನಿಗೂ ಅನ್ಸಿರ್ಲಿಲ್ವೇನೋ.

ಹೋದ ಸಲ ಹಿಂದಿನ ಬೆಂಚಿನ ಹುಡುಗಿ ಒಬ್ಬಳು, "ಸರ್, ಮೇಷ್ಟ್ರನ್ನ ನರಕಕ್ಕೂ ಹಾಕಿ ನೀವು ಅಂತಾನೂ ಕರೀತಾನಾ" ಅಂತ ಕೇಳಿದ್ಲು. ನಾನು ಕೊನೇ ಸಾಲು ಓದ್ದೆ. ತನ್ನ ಗುಂಪು ಸೇರ್ಕೊಳ್ಳೋಕೆ ಬ್ರುನೆತ್ತೊ ತಿರುಗಿ ಓಡ್ತಾನೆ, ವೆರೋನಾದಲ್ಲಿ ಹಸಿರು ಬಟ್ಟೆ ಬಹುಮಾನಕ್ಕೆ ಓಡೋರ ಹಾಗೆ, ಅವರಲ್ಲಿ ಗೆದ್ದವನ ಹಾಗೆ, ಸೋತವನ ಹಾಗಲ್ಲ. ಬೆಲ್ ಹೊಡೀತು, ಆದ್ರೂ ಯಾರೂ ಏಳ್ಲಿಲ್ಲ.