ಟೇಬಲ್‌ಗೆ ಬಂದ ಕಾಲಂ ವ್ಯೂಗೆ ಯಾಕೆ ಬರಲಿಲ್ಲ?

ಶಿರಸಿಯ ಅಡಿಕೆ ವಖಾರಿಯೊಂದರ ಲೆಕ್ಕ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿದೆ ಎಂದಿಟ್ಟುಕೊಳ್ಳಿ. 'ಆವಕ' ಎಂಬ ಟೇಬಲ್‌, ಅದರಲ್ಲಿ ಬೆಳೆಗಾರ, ಮಾಲು (ರಾಶಿ, ಚಾಲಿ, ಬೆಟ್ಟೆ), ತೂಕ ಎಂಬ ಮೂರು ಕಾಲಂ. ಅದರ ಮೇಲೆ 'ಸೆಲೆಕ್ಟ್ ಸ್ಟಾರ್' (ಎಲ್ಲ ಕಾಲಂ ಕೊಡು) ಹಾಕಿ ಒಂದು ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ, ಹೆಸರಿಟ್ಟು ಉಳಿಸಿದ ಕ್ವೆರಿ (ಡೇಟಾ ಕೇಳುವ ಪ್ರಶ್ನೆ). ಆಮೇಲೆ ಟೇಬಲ್‌ಗೆ 'ದರ' ಸೇರಿಸಿದರೆ ವ್ಯೂನಲ್ಲಿ ಅದು ಕಾಣುವುದೇ ಇಲ್ಲ. 'ಮಾಲು' ಹೋಗಿ 'ನಮೂನೆ' ಎಂದಾದರೂ ವ್ಯೂ ಕೆಡುವುದಿಲ್ಲ, ಹಳೆಯ ಹೆಸರನ್ನೇ ತೋರಿಸುತ್ತದೆ. ನಾವು ಟೈಪ್ ಮಾಡಿದ ಸಾಲು ಅಲ್ಲಿ ಉಳಿದಿಲ್ಲ ಎಂಬುದೇ ಎರಡಕ್ಕೂ ಕಾರಣ.

ಇದರ ಬೇರು 1970ರ ದಶಕದಲ್ಲಿದೆ. ಬರ್ಕ್ಲಿಯ ಇಂಗ್ರೆಸ್, ಐಬಿಎಂನ ಸಿಸ್ಟಮ್ ಆರ್ ಎಂಬ ಆರಂಭಿಕ ಡೇಟಾಬೇಸ್‌ಗಳೆರಡೂ ಟೇಬಲ್‌ಗಳ ವಿವರವನ್ನು ಟೇಬಲ್‌ಗಳಲ್ಲೇ ಬರೆದಿಟ್ಟವು. 1985ರಲ್ಲಿ, ಟೇಬಲ್ ಆಧಾರಿತ ಡೇಟಾಬೇಸಿನ ಕಲ್ಪನೆ ಕೊಟ್ಟ ಇ. ಎಫ್. ಕಾಡ್ ಅದನ್ನೇ ತಮ್ಮ ನಾಲ್ಕನೇ ನಿಯಮವಾಗಿಸಿದರು: ಡೇಟಾ ಕೇಳುವ ಭಾಷೆಯಲ್ಲೇ ಡೇಟಾಬೇಸಿನ ವಿವರವನ್ನೂ ಕೇಳಲು ಬರಬೇಕು.

ಇಂಗ್ರೆಸ್‌ನ ವಂಶದ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಟೇಬಲ್‌ಗೆ ಪಿಜಿ_ಕ್ಲಾಸ್ ಎಂಬ ವಿವರದ ಟೇಬಲ್‌ನಲ್ಲಿ ಒಂದು ಸಾಲು, ಪ್ರತಿ ಕಾಲಂಗೆ ಪಿಜಿ_ಆಟ್ರಿಬ್ಯೂಟ್‌ನಲ್ಲಿ ಒಂದು ಸಾಲು. ಪಿಜಿ_ಕ್ಲಾಸ್‌ನ ವಿವರವೂ ಪಿಜಿ_ಕ್ಲಾಸ್‌ನಲ್ಲೇ ಇದೆ, ಗುರುತಿನ ಸಂಖ್ಯೆ 1259. ನಮ್ಮ ಟೇಬಲ್‌ಗಳ ಗುರುತಿನ ಸಂಖ್ಯೆ 16384ರಿಂದ ಶುರು. ವ್ಯೂ ಇರುವುದು ಪಿಜಿ_ರೀರೈಟ್‌ನಲ್ಲಿ, ಬಿಡಿಸಿಟ್ಟ ಕ್ವೆರಿಯಾಗಿ: ಇಂಥ ಸಂಖ್ಯೆಯ ಟೇಬಲ್‌ನ 1, 2, 3ನೇ ಕಾಲಂ. ಸ್ಟಾರ್ ಮೊದಲ ದಿನವೇ ಈ ಮೂರು ಅಂಕಿಗಳಾಗಿ ಕರಗಿಹೋಯಿತು. ನಾಲ್ಕನೆಯದು ಬರುವುದು ಎಲ್ಲಿಂದ?

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇದಕ್ಕೆ ತದ್ವಿರುದ್ಧ. ಟೇಬಲ್, ವ್ಯೂ ಮಾಡಲು ಟೈಪ್ ಮಾಡಿದ ಕ್ರಿಯೇಟ್ ಸಾಲಿನ ಪಠ್ಯವನ್ನೇ ಇಟ್ಟುಕೊಂಡು ಫೈಲ್ ತೆರೆದಾಗ ಓದಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಹೊಸ ಕಾಲಂ ವ್ಯೂನಲ್ಲೂ ಬರುತ್ತದೆ. ಮೈಎಸ್‌ಕ್ಯೂಎಲ್ ಬಹುಕಾಲ ಟೇಬಲ್ ವಿವರವನ್ನು ಪ್ರತ್ಯೇಕ .ಎಫ್‌ಆರ್‌ಎಂ ಫೈಲ್‌ನಲ್ಲಿಟ್ಟಿತ್ತು. ಟೇಬಲ್ ಬದಲಿಸುವ ನಡುವೆ ಕರೆಂಟ್ ಹೋದರೆ ಫೈಲ್ ಒಂದು ಹೇಳುತ್ತಿತ್ತು, ಡೇಟಾ ಇಟ್ಟುಕೊಳ್ಳುವ ಅದರ ಭಾಗವಾದ ಇನ್ನೋಡಿಬಿ ಇನ್ನೊಂದು. 2018ರ 8.0 ಆವೃತ್ತಿಯಲ್ಲಿ ಆ ಫೈಲ್‌ಗಳು ಹೋದವು.

ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಡ್ರಾಪ್ ಮಾಡಿದರೂ ಪಿಜಿ_ಆಟ್ರಿಬ್ಯೂಟ್‌ನಲ್ಲಿರುವ ಅದರ ಸಾಲು ಅಳಿಯುವುದಿಲ್ಲ. 'ತೆಗೆದಿದೆ' ಎಂಬ ಗುರುತು ಬೀಳುತ್ತದೆ ಅಷ್ಟೆ, ಆ ಸಂಖ್ಯೆ ಮತ್ತೆ ಬಳಕೆಗೆ ಬರುವುದಿಲ್ಲ. ಒಂದು ಟೇಬಲ್‌ಗೆ ಮಿತಿ 1600 ಕಾಲಂ, ತೆಗೆದವೂ ಲೆಕ್ಕಕ್ಕೆ. ದಿನಾ ರಾತ್ರಿ ಒಂದು ತಾತ್ಕಾಲಿಕ ಕಾಲಂ ಸೇರಿಸಿ ತೆಗೆಯುವ ಸ್ಕ್ರಿಪ್ಟ್ ಇದ್ದರೆ ನಾಲ್ಕೂವರೆ ವರ್ಷದೊಳಗೆ ಟೇಬಲ್ ಮುಷ್ಕರ ಹೂಡುತ್ತದೆ. ಟೇಬಲ್ ಚೊಕ್ಕಟಗೊಳಿಸುವ 'ವ್ಯಾಕ್ಯೂಮ್ ಫುಲ್' ಸಾಲದು, ಡಂಪ್ ತೆಗೆದು (ಡೇಟಾವನ್ನು ಹೊರಗೆ ಬರೆದಿಟ್ಟು) ಮತ್ತೆ ತುಂಬಬೇಕು.

ನಮ್ಮ ವ್ಯೂಗೆ 'ದರ' ತರಲು ವ್ಯೂವನ್ನು ಹೊಸದಾಗಿ ಬರೆಯುವ 'ಕ್ರಿಯೇಟ್ ಆರ್ ರೀಪ್ಲೇಸ್' ಸಾಕು, ಹೊಸ ಕಾಲಂ ಕೊನೆಯಲ್ಲೇ ಬರಬೇಕು. ಆದರೆ ಮತ್ತೆ ಸ್ಟಾರ್ ಹಾಕಿದರೆ, ಈಗಾಗಲೇ ಹೆಸರು ಬದಲಾಗಿರುವುದರಿಂದ, ವ್ಯೂ ಕಾಲಂನ ಹೆಸರು ಬದಲಿಸಲಾಗದು ಎಂಬ ಎರರ್ ಬರುತ್ತದೆ. ಕಾಲಂಗಳನ್ನು ಒಂದೊಂದಾಗಿ ಬರೆದು 'ನಮೂನೆ ಆಸ್ ಮಾಲು' (ನಮೂನೆಯನ್ನು ಮಾಲು ಎಂದು ತೋರಿಸು) ಎನ್ನಿ.