ಕರೆದಾಗಲೆಲ್ಲ ಓಗೊಡಬೇಕೇ?

ಕೆಲವು ವರ್ಷಗಳ ಹಿಂದೆ, ಮೊಬೈಲ್ ಆ್ಯಪ್ ಒಂದನ್ನು ಕಟ್ಟುತ್ತಿದ್ದ ತಂಡದಲ್ಲಿ ನಾನಿದ್ದಾಗ, ಎರಡು ವಾಕ್ಯಗಳ ನಡುವೆ ಒಂದು ಪಂದ್ಯ ನಡೆಯಿತು. ಎರಡೂ ಬಳಕೆದಾರರ ಫೋನಿಗೆ ಹೋಗಬೇಕಾದ ನೋಟಿಫಿಕೇಶನ್‌ಗಳು. ಮೊದಲನೆಯದು ವಿಷಯವನ್ನು ಪೂರ್ತಿಯಾಗಿ ಹೇಳಿಬಿಡುತ್ತಿತ್ತು: ‘ನಿಮ್ಮ ಚಿತ್ರದ ಕೆಳಗೆ ಗೆಳೆಯರೊಬ್ಬರು “ಚೆನ್ನಾಗಿದೆ” ಎಂದು ಬರೆದಿದ್ದಾರೆ.’ ಎರಡನೆಯದು ಅರ್ಧಕ್ಕೇ ನಿಲ್ಲುತ್ತಿತ್ತು: ‘ನಿಮ್ಮ ಚಿತ್ರದ ಬಗ್ಗೆ ಯಾರೋ ಏನೋ ಹೇಳಿದ್ದಾರೆ.’ ಬಳಕೆದಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದು ವಾಕ್ಯ, ಇನ್ನೊಂದಕ್ಕೆ ಮತ್ತೊಂದು ವಾಕ್ಯ ಕಳುಹಿಸಿ, ಎಷ್ಟು ಜನ ಆ್ಯಪ್ ತೆರೆದರೆಂದು ಎಣಿಸಿದೆವು. ಅರ್ಧಕ್ಕೆ ನಿಂತ ವಾಕ್ಯವೇ ಗೆದ್ದಿತು. ಪೂರ್ತಿ ವಾಕ್ಯ ಓದಿದವರಿಗೆ ವಿಷಯ ಅಲ್ಲೇ ತಿಳಿದುಹೋಗುತ್ತಿದ್ದುದರಿಂದ ಒಳಗೆ ಬರುವ ಅಗತ್ಯವೇ ಬೀಳುತ್ತಿರಲಿಲ್ಲ. ಅವರಿಗೆ ಅದು ಉಪಕಾರವಾಗಿತ್ತು, ನಮ್ಮ ಲೆಕ್ಕದ ಪುಟದಲ್ಲಿ ಮಾತ್ರ ಸೋಲಾಗಿ ಕಾಣುತ್ತಿತ್ತು. ಆ ಪುಟದಲ್ಲಿ ‘ತೆರೆದವರು’ ಎಂಬ ಕಾಲಂ ಇತ್ತು, ‘ಆ್ಯಪ್ ತೆಗೆದುಹಾಕಿದವರು’ ಎಂಬ ಕಾಲಂ ಕೂಡ ಇತ್ತು. ‘ಮಾಡುತ್ತಿದ್ದ ಕೆಲಸ ಕೆಟ್ಟು ಕಿರಿಕಿರಿಗೊಂಡವರು’ ಎಂಬುದನ್ನು ಎಣಿಸುವ ಯೋಚನೆ ನನಗೂ ಸೇರಿದಂತೆ ಯಾರಿಗೂ ಹೊಳೆದಿರಲಿಲ್ಲ.

ಫೋನ್ ಬಿಟ್ಟಿರಲಾಗುತ್ತಿಲ್ಲ ಎಂದು ಹೇಳಿಕೊಂಡು ಬರುವ ಪರಿಚಿತರು ಬಹುತೇಕ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಮನಸ್ಸು ಗಟ್ಟಿಯಿಲ್ಲ, ಚಪಲ ಹೆಚ್ಚು, ಶಿಸ್ತು ಸಾಲದು ಎನ್ನುತ್ತಾರೆ. ಅವರ ಮಾತು ಕೇಳುವಾಗ ನನಗೆ ಆ ಪಂದ್ಯದ ನೆನಪಾಗುತ್ತದೆ. ಫೋನ್ ಒಮ್ಮೆ ಗುಂಯ್ ಎಂದರೆ ಅದರ ಹಿಂದೆ ಯಾವುದೋ ಮೇಜಿನ ಮುಂದೆ ಕುಳಿತು ಯಾರೋ ಮಾಡಿದ ತೀರ್ಮಾನವಿರುತ್ತದೆ. ಯಾವ ಪದ ಬಳಸಬೇಕು, ಯಾವ ಹೊತ್ತಿಗೆ ಕಳುಹಿಸಬೇಕು, ನೀವು ಮೂರು ದಿನ ಬಾರದಿದ್ದರೆ ಏನೆಂದು ಕರೆಯಬೇಕು ಎಂಬುದೆಲ್ಲ ಅಲ್ಲಿ ಅಳೆದು ತೂಗಿ ನಿಶ್ಚಯವಾಗಿರುತ್ತದೆ. ದಿನವಿಡೀ ನಡೆಯುವ ಈ ಲೆಕ್ಕಾಚಾರದ ಎದುರು ಬರಿಯ ಮನೋಬಲವನ್ನು ನಿಲ್ಲಿಸಿ, ಅದು ಸೋತಾಗ ಪಶ್ಚಾತ್ತಾಪಪಡುವುದರಲ್ಲಿ ಅರ್ಥವಿಲ್ಲ. ಅವರು ಒಮ್ಮೆ ತೀರ್ಮಾನಿಸಿ ನಿಮ್ಮ ಫೋನಿನಲ್ಲಿ ಕೂರಿಸಿದ್ದನ್ನು ನೀವೂ ಒಮ್ಮೆ ಕುಳಿತು ತೀರ್ಮಾನಿಸಿ ಬದಲಿಸಬಹುದು.

ಈ ವ್ಯವಸ್ಥೆ ಹುಟ್ಟಿದ್ದು ಗಮನ ಕದಿಯಲೆಂದಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಹೊಸ ಸಂದೇಶ ಬಂದಿದೆಯೇ ಎಂದು ಪ್ರತಿಯೊಂದು ಆ್ಯಪ್ ಕೂಡ ತನ್ನ ಸರ್ವರನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಬ್ಯಾಟರಿ ಸಂಜೆಯವರೆಗೂ ಉಳಿಯುವುದಿಲ್ಲ. ಅದಕ್ಕಾಗಿ ಫೋನ್ ಒಂದೇ ಒಂದು ಸಂಪರ್ಕವನ್ನು ಸದಾ ತೆರೆದಿಟ್ಟುಕೊಂಡು, ಎಲ್ಲ ಆ್ಯಪ್‌ಗಳ ಸುದ್ದಿಯೂ ಆ ಒಂದೇ ಬಾಗಿಲಿನಿಂದ ಬರುವಂತೆ ಮಾಡಲಾಯಿತು. ಆ್ಯಪಲ್ 2009ರಲ್ಲಿ ಇದನ್ನು ಐಫೋನ್‌ಗೆ ತಂದಿತು. ಮರುವರ್ಷ ಆ್ಯಂಡ್ರಾಯ್ಡ್‌ಗೂ ಅಂಥದ್ದೇ ಸೇವೆ ಬಂದಿತು. ತಾಂತ್ರಿಕವಾಗಿ ಅದು ಸೊಗಸಾದ ಪರಿಹಾರ. ಆದರೆ ಸುದ್ದಿ ಕಳುಹಿಸಲು ಬ್ಯಾಟರಿಯ ಖರ್ಚೂ ಇಲ್ಲ, ಹಣದ ಖರ್ಚೂ ಹೆಚ್ಚಿಲ್ಲ ಎಂದಾದ ಮೇಲೆ ಕಳುಹಿಸುವವರ ಕೈಗೆ ತಡೆಯೇ ಇಲ್ಲದಂತಾಯಿತು. ಅಂಚೆಯ ಕಾಗದಕ್ಕೆ ಸ್ಟಾಂಪ್ ಅಂಟಿಸುವವನು ಬರೆಯುವ ಮುನ್ನ ಒಮ್ಮೆಯಾದರೂ ಯೋಚಿಸುತ್ತಿದ್ದ.

ಫೋನ್ ತಾನಾಗಿ ಕರೆಯದಿದ್ದಾಗಲೂ ನಾವೇ ಅದನ್ನು ಎತ್ತಿಕೊಳ್ಳುತ್ತೇವಲ್ಲ, ಅದಕ್ಕೇನು ಹೇಳುವುದು? ಬೆರಳಿನಿಂದ ಪರದೆಯನ್ನು ಕೆಳಕ್ಕೆಳೆದು ಬಿಟ್ಟರೆ ಹೊಸ ವಿಷಯ ಬರುವ ವಿಧಾನವನ್ನು ಲಾರೆನ್ ಬ್ರಿಕ್ಟರ್ ಎಂಬ ತಂತ್ರಜ್ಞ ಟ್ವೀಟಿ ಎಂಬ ಆ್ಯಪ್‌ಗಾಗಿ ರೂಪಿಸಿದರು. ಪುಟ ಮುಗಿಯದೆ ಕೆಳಗೆ ಸಾಗುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. ಇಬ್ಬರ ಉದ್ದೇಶವೂ ಸರಳವಾಗಿತ್ತು, ಗುಂಡಿ ಒತ್ತುವ ಶ್ರಮ ತಪ್ಪಿಸುವುದು. ಆದರೆ ಶ್ರಮದ ಜೊತೆಗೆ ‘ಇಷ್ಟು ಸಾಕೇ?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುತ್ತಿದ್ದ ಸಣ್ಣ ವಿರಾಮವೂ ಹೋಯಿತು. ಇನ್ನೊಂದು ಸಂಗತಿ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತಿಳಿದದ್ದು. ಕುಟುಕಿದಾಗಲೆಲ್ಲ ಕಾಳು ಸಿಗುವ ಹಕ್ಕಿಗಿಂತ, ಯಾವಾಗ ಸಿಗುತ್ತದೆಂದು ಗೊತ್ತಾಗದಂತೆ ಆಗೊಮ್ಮೆ ಈಗೊಮ್ಮೆ ಕಾಳು ಸಿಗುವ ಹಕ್ಕಿ ಪಟ್ಟುಬಿಡದೆ ಕುಟುಕುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಪರದೆಯನ್ನು ಕೆಳಕ್ಕೆಳೆಯುವ ನಮ್ಮ ಬೆರಳಿಗೂ ಹತ್ತರಲ್ಲಿ ಒಂಬತ್ತು ಸಲ ಏನೂ ಸಿಗದಿದ್ದರೂ ಹತ್ತನೆಯ ಸಲದ ಆಸೆ ಹೋಗುವುದಿಲ್ಲ.

ನೋಡಿಯೂ ನೋಡದಂತೆ ಇರುತ್ತೇನೆ, ನನಗೇನೂ ತೊಂದರೆಯಿಲ್ಲ ಎನ್ನುವವರಿದ್ದಾರೆ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಏಕಾಗ್ರತೆ ಬೇಡುವ ಕೆಲಸದಲ್ಲಿ ತೊಡಗಿದ್ದವರ ಫೋನಿಗೆ ಕರೆ ಅಥವಾ ಸಂದೇಶದ ಸೂಚನೆ ಬಂದಾಗ, ಅವರು ಫೋನನ್ನು ಮುಟ್ಟದಿದ್ದರೂ ಕೆಲಸದಲ್ಲಿ ತಪ್ಪುಗಳು ಹೆಚ್ಚಿದವು. ಅದಕ್ಕೂ ಮೊದಲು, 2009ರಲ್ಲಿ, ಸೋಫಿ ಲೆರಾಯ್ ಎಂಬ ಸಂಶೋಧಕಿ ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುವುದನ್ನು ಗುರುತಿಸಿ, ಅದನ್ನು ಗಮನದ ಶೇಷ ಎಂಬರ್ಥದ ಹೆಸರಿನಿಂದ ಕರೆದಿದ್ದರು. ಕೋಡ್ ಬರೆಯುವವರಿಗೆ ಇದು ಅನುಭವದಿಂದಲೇ ಗೊತ್ತು. ತಲೆಯಲ್ಲಿ ಹಿಡಿದಿಟ್ಟುಕೊಂಡ ಏಳೆಂಟು ಎಳೆಗಳು ಒಂದು ಗುಂಯ್‌ಗೆ ಕಳಚಿಕೊಂಡರೆ, ಅವನ್ನು ಮತ್ತೆ ಹೊಂದಿಸುವುದು ಕಡಿದ ನೂಲನ್ನು ಸೂಜಿಗೆ ಪೋಣಿಸಿದಷ್ಟೇ ತಾಳ್ಮೆಯ ಕೆಲಸ.

ಇಷ್ಟೆಲ್ಲ ತಿಳಿದಿದ್ದರೂ ನನ್ನ ಕಣ್ಣು ತೆರೆಸಿದ್ದು ನನ್ನ ತಂದೆಯ ಫೋನ್. ಅವರಿಗೆ ವೈದ್ಯರನ್ನು ಕಾಣುವ ದಿನ ನಿಗದಿಯಾಗಿತ್ತು. ಸಮಯ ಬದಲಾಗಿದೆ ಎಂದು ಚಿಕಿತ್ಸಾಲಯದವರು ಹಿಂದಿನ ದಿನವೇ ಸಂದೇಶ ಕಳುಹಿಸಿದ್ದರು. ತಂದೆ ಹಳೆಯ ಸಮಯಕ್ಕೇ ಹೋಗಿ, ಎರಡು ಗಂಟೆ ಕಾದು ಮನೆಗೆ ಬಂದರು. ‘ಫೋನ್ ನೋಡಲಿಲ್ಲವೇ?’ ಎಂದು ನಾನು ಕೊಂಚ ಗಡಸಾಗಿಯೇ ಕೇಳಿದೆ. ಅವರು ಏನೂ ಹೇಳದೆ ಫೋನನ್ನು ನನ್ನ ಕೈಗಿಟ್ಟರು. ಮೇಲಿನ ಪಟ್ಟಿಯನ್ನು ಕೆಳಕ್ಕೆಳೆದರೆ ಸೂಚನೆಗಳ ಸಾಲು ಮುಗಿಯುವಂತೆಯೇ ಕಾಣಲಿಲ್ಲ. ರಿಯಾಯಿತಿ ಇಂದು ರಾತ್ರಿಗೇ ಕೊನೆ, ನಿಮ್ಮ ಬುಟ್ಟಿಯಲ್ಲಿ ಒಂದು ವಸ್ತು ಉಳಿದಿದೆ, ನಿಮ್ಮನ್ನು ಕಾಣದೆ ಬೇಸರವಾಗಿದೆ, ನೀವು ಆಡದಿದ್ದರೆ ಬಹುಮಾನ ಕೈತಪ್ಪುತ್ತದೆ, ಹೀಗೆ. ಅವುಗಳ ನಡುವೆ ಎಲ್ಲೋ ಒಂದು ಕಡೆ ಚಿಕಿತ್ಸಾಲಯದ ಎರಡು ಸಾಲು ಸಿಕ್ಕಿತು. ಅವರು ಫೋನ್ ನೋಡಿರಲಿಲ್ಲ ಎಂಬುದು ಸರಿಯಲ್ಲ. ನೋಡಿ ನೋಡಿ ಎಲ್ಲವೂ ಒಂದೇ ಎನಿಸಿ ಬಿಟ್ಟುಬಿಟ್ಟಿದ್ದರು. ಆ ಸಾಲಿನಲ್ಲಿದ್ದ ‘ನಿಮ್ಮನ್ನು ಕಾಣದೆ ಬೇಸರವಾಗಿದೆ’ ಎಂಬ ಬಗೆಯ ವಾಕ್ಯಗಳನ್ನು ನಾನೂ ಒಂದು ಕಾಲಕ್ಕೆ ಬರೆದವನು ಎಂಬುದನ್ನು ಅಂದು ಅವರಿಗೆ ಹೇಳಲಿಲ್ಲ.

ಆ ಸಂಜೆ ಇಬ್ಬರೂ ಕುಳಿತು ಒಂದೊಂದೇ ಸೂಚನೆಯನ್ನು ವಿಚಾರಿಸಿಕೊಂಡೆವು. ಆ್ಯಂಡ್ರಾಯ್ಡ್ ಫೋನಿನಲ್ಲಿ ಯಾವುದೇ ಸೂಚನೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅದನ್ನು ಅಲ್ಲಿಯೇ ಸದ್ದಡಗಿಸುವ ಅಥವಾ ಪೂರ್ತಿ ನಿಲ್ಲಿಸುವ ಆಯ್ಕೆ ಬರುತ್ತದೆ; ಐಫೋನಿನಲ್ಲಿ ಸೂಚನೆಯನ್ನು ಎಡಕ್ಕೆ ಸರಿಸಿದರೆ ಅದೇ ಬಗೆಯ ಆಯ್ಕೆಗಳು ಕಾಣುತ್ತವೆ. 2017ರ ಆ್ಯಂಡ್ರಾಯ್ಡ್ 8ರಿಂದ ಈಚೆಗೆ ಒಂದೇ ಆ್ಯಪ್‌ನ ಸೂಚನೆಗಳನ್ನು ಬೇರೆ ಬೇರೆ ವರ್ಗಗಳಾಗಿ ವಿಂಗಡಿಸುವ ಏರ್ಪಾಡಿದೆ. ಹಾಗಾಗಿ ಬ್ಯಾಂಕಿನ ಆ್ಯಪ್‌ನಲ್ಲಿ ಹಣ ಕಡಿತವಾದ ಸುದ್ದಿಯನ್ನು ಉಳಿಸಿಕೊಂಡು ಸಾಲದ ಜಾಹೀರಾತನ್ನಷ್ಟೇ ನಿಲ್ಲಿಸಬಹುದು. ಮಾರಾಟದ ಕೂಗನ್ನೂ ಸೇವೆಯ ಸೂಚನೆಯನ್ನೂ ಬೇಕೆಂದೇ ಒಂದೇ ವರ್ಗದಲ್ಲಿ ಬೆರೆಸಿಡುವ ಆ್ಯಪ್‌ಗಳೂ ಇವೆ. ನನ್ನ ಕಸುಬಿನವನಾಗಿ ಹೇಳುತ್ತೇನೆ, ಅದು ಅಜಾಗರೂಕತೆಯಲ್ಲ. ಅಂಥ ಆ್ಯಪ್ ಅನಿವಾರ್ಯವಲ್ಲದಿದ್ದರೆ ತೆಗೆದುಹಾಕುವುದೇ ಮೇಲು.

ಯಾವುದನ್ನು ಉಳಿಸಬೇಕು ಎಂಬುದಕ್ಕೆ ತಂದೆಗೆ ನಾನು ಕೊಟ್ಟದ್ದು ಒಂದೇ ಒರೆಗಲ್ಲು: ಇದನ್ನು ಒಬ್ಬ ಮನುಷ್ಯ ನಿಮಗೆಂದೇ ಕಳುಹಿಸಿದನೇ, ಅಥವಾ ಯಂತ್ರ ಎಲ್ಲರಿಗೂ ಕಳುಹಿಸಿದ್ದೇ? ಮನುಷ್ಯರು ಕಳುಹಿಸಿದ್ದಕ್ಕೆ ಸದ್ದು ಇರಲಿ, ಯಂತ್ರದ್ದಕ್ಕೆ ಬೇಡ. ಈ ನಿಯಮಕ್ಕೆ ಅಪವಾದಗಳಿವೆ. ಒಟಿಪಿ, ಖಾತೆಯಿಂದ ಹಣ ಹೋದ ಸುದ್ದಿ, ನಿಮ್ಮ ಖಾತೆಗೆ ಬೇರೆ ಯಾರೋ ಲಾಗಿನ್ ಆದ ಎಚ್ಚರಿಕೆ, ಹವಾಮಾನದ ತುರ್ತು ಮುನ್ಸೂಚನೆ ಇವೆಲ್ಲ ಯಂತ್ರವೇ ಕಳುಹಿಸಿದರೂ ಬೇಕಾದವು. ಉತ್ಸಾಹದಲ್ಲಿ ಬ್ಯಾಂಕಿನ ಸೂಚನೆಯನ್ನೂ ಮುಚ್ಚಿ, ವಂಚನೆ ನಡೆದದ್ದು ವಾರದ ನಂತರ ತಿಳಿಯುವಂತಾಗಬಾರದು. ಐಕಾನಿನ ಮೂಲೆಯ ಕೆಂಪು ಚುಕ್ಕೆಯನ್ನು ಬೇರೆಯಾಗಿಯೇ ನಿಲ್ಲಿಸಬಹುದು. ನನ್ನ ಅನುಭವದಲ್ಲಿ ಸದ್ದಿಗಿಂತ ಅದರ ಕಾಟವೇ ದೊಡ್ಡದು. ಸದ್ದು ಒಮ್ಮೆ ಕೇಳಿ ಸುಮ್ಮನಾಗುತ್ತದೆ, ಚುಕ್ಕೆ ತೀರದ ಸಾಲದಂತೆ ಕುಳಿತೇ ಇರುತ್ತದೆ.

ಹಾಗಾದರೆ ಎಲ್ಲವನ್ನೂ ಒಮ್ಮೆಲೇ ಮುಚ್ಚಿಬಿಟ್ಟರೇನು ಎಂದು ಕೇಳುವವರೇ ಹೆಚ್ಚು. ನಾನೂ ಹಾಗೆ ಮಾಡಿ ನೋಡಿದ್ದೇನೆ. ಮೂರನೆಯ ದಿನಕ್ಕೆ, ಏನು ಬಂದಿರಬಹುದೋ ಎಂಬ ಹಪಾಹಪಿಯಲ್ಲಿ ಮೊದಲಿಗಿಂತ ಹೆಚ್ಚು ಸಲ ಫೋನ್ ತೆರೆಯುತ್ತಿದ್ದೆ. ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂದು ಆಮೇಲೆ ತಿಳಿಯಿತು. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಸೂಚನೆಗಳನ್ನು ಎಂದಿನಂತೆಯೂ, ಕೆಲವರಿಗೆ ಗಂಟೆಗೊಮ್ಮೆ ಒಟ್ಟಾಗಿಯೂ, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಾಗಿಯೂ ತಲುಪಿಸಿ, ಇನ್ನು ಕೆಲವರಿಗೆ ಏನನ್ನೂ ತಲುಪಿಸದೆ ನೋಡಲಾಯಿತು. ದಿನಕ್ಕೆ ಮೂರು ಸಲ ಪಡೆದವರ ಗಮನವೂ ಮನಃಸ್ಥಿತಿಯೂ ಉತ್ತಮಗೊಂಡಿದ್ದವು, ಫೋನ್ ತಮ್ಮ ಹಿಡಿತದಲ್ಲಿದೆ ಎಂಬ ಭಾವನೆ ಅವರಲ್ಲಿತ್ತು. ಏನನ್ನೂ ಪಡೆಯದವರಲ್ಲಿ ಆತಂಕ ಹೆಚ್ಚಿತ್ತು. ಇಮೇಲ್ ಬಗ್ಗೆಯೂ 2015ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಜಾಡಿನ ಫಲಿತಾಂಶ ಕಂಡಿದ್ದರು. ದಿನಕ್ಕೆ ಮೂರೇ ಸಲ ನೋಡುವ ವಾರದಲ್ಲಿ ಜನರ ಒತ್ತಡ ಕಡಿಮೆಯಾಗಿತ್ತು. ಐಫೋನಿನಲ್ಲಿ 2021ರ ಐಒಎಸ್ 15ರಿಂದ, ಬಂದ ಸೂಚನೆಗಳನ್ನು ನಾವು ಗೊತ್ತುಮಾಡಿದ ಹೊತ್ತಿಗೆ ಒಂದೇ ಕಂತೆಯಾಗಿ ತಂದುಕೊಡುವ ಏರ್ಪಾಡಿದೆ. ಅದಿಲ್ಲದ ಫೋನಿನಲ್ಲಿ ಸದ್ದಡಗಿಸಿ, ನೋಡುವ ಹೊತ್ತನ್ನು ನಾವೇ ನಿಗದಿಮಾಡಿಕೊಂಡರೂ ಹೆಚ್ಚುಕಡಿಮೆ ಅದೇ ಫಲ.

ಪರದೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಎಂಬ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ದೂರದ ಮಗಳೊಂದಿಗೆ ಒಂದು ಗಂಟೆ ವಿಡಿಯೊದಲ್ಲಿ ಮಾತನಾಡಿದ್ದೂ ದಾರಿ ತೋರಿಸುವ ನಕ್ಷೆ ಎರಡು ಗಂಟೆ ತೆರೆದಿದ್ದದ್ದೂ ಅದೇ ಮೊತ್ತದಲ್ಲಿ ಸೇರಿಹೋಗುತ್ತವೆ. 2018ರಿಂದ ಎರಡೂ ಬಗೆಯ ಫೋನ್‌ಗಳಲ್ಲಿ ಬಂದಿರುವ ಬಳಕೆಯ ವರದಿಯನ್ನು ತೆರೆದರೆ, ಗಂಟೆಗಳ ಕೆಳಗೆ ಇನ್ನೆರಡು ಸಂಖ್ಯೆಗಳು ಸಿಗುತ್ತವೆ: ದಿನಕ್ಕೆ ಎಷ್ಟು ಸೂಚನೆ ಬಂದವು, ಎಷ್ಟು ಸಲ ಫೋನ್ ಎತ್ತಿಕೊಂಡಿರಿ. ದಿನ ಎಷ್ಟು ತುಂಡಾಯಿತು ಎಂಬುದನ್ನು ಹೇಳುವುದು ಆ ಸಂಖ್ಯೆಗಳು. ಯಾವ ಆ್ಯಪ್ ಎಷ್ಟು ಸಲ ಕರೆಯಿತೆಂಬ ಪಟ್ಟಿಯೂ ಅಲ್ಲಿಯೇ ಇದೆ. ಮೊದಲ ಎರಡು ಮೂರು ಹೆಸರುಗಳನ್ನು ಸರಿಪಡಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ರಾತ್ರಿಯ ಮಟ್ಟಿಗೆ ನನ್ನ ಸೋಲಿನ ಕಾರಣ ಅಲಾರಂ ಆಗಿತ್ತು. ಅಲಾರಂಗಾಗಿ ಫೋನ್ ತಲೆದಿಂಬಿನ ಪಕ್ಕದಲ್ಲಿರಬೇಕಿತ್ತು. ಪಕ್ಕದಲ್ಲಿದ್ದ ಮೇಲೆ ಮಲಗುವ ಮುನ್ನ ಒಮ್ಮೆ, ನಡುವೆ ಎಚ್ಚರವಾದಾಗ ಒಮ್ಮೆ ನೋಡದಿರಲು ಆಗುತ್ತಿರಲಿಲ್ಲ. ಕೊನೆಗೆ ಮುಳ್ಳಿನ ಅಲಾರಂ ಗಡಿಯಾರವೊಂದನ್ನು ತಂದೆ. ಫೋನ್ ಈಗ ಹೊರಗಿನ ಕೋಣೆಯಲ್ಲಿ ಚಾರ್ಜ್ ಆಗುತ್ತದೆ. ಮೊದಲ ಕೆಲವು ವಾರ ಮಂಚದ ಮೇಲೆ ಮಲಗಿದ್ದಾಗಲೂ ತೊಡೆಯ ಬಳಿ ಏನೋ ಕಂಪಿಸಿದಂತಾಗಿ ಕೈಯಾಡಿಸುತ್ತಿದ್ದೆ. ಇಲ್ಲದ ಕಂಪನವನ್ನು ಅನುಭವಿಸುವುದು ಸಂಶೋಧಕರು ದಾಖಲಿಸಿರುವ, ಸಾಕಷ್ಟು ಸಾಮಾನ್ಯವಾದ ಸಂಗತಿ. ನಿಮಗೂ ಹಾಗಾಗಿದ್ದರೆ ಗಾಬರಿ ಬೇಡ.

ಫೋನ್ ದೂರವಿಟ್ಟರೆ ಅಪರಾತ್ರಿಯಲ್ಲಿ ನಿಜವಾದ ತುರ್ತು ಬಂದಾಗ ಗತಿಯೇನು ಎಂಬ ಭಯಕ್ಕೆ ಫೋನಿನಲ್ಲೇ ಉತ್ತರವಿದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿದ್ದಾಗಲೂ ಆಯ್ದ ಕೆಲವರ ಕರೆಗೆ ಸದ್ದಾಗುವಂತೆ ಮಾಡಬಹುದು. ಜೊತೆಗೆ, ಒಂದೇ ಸಂಖ್ಯೆಯಿಂದ ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಸಲ ಕರೆ ಬಂದರೆ ಅದನ್ನು ಒಳಗೆ ಬಿಡುವ ಆಯ್ಕೆಯೂ ಇದೆ. ಆ್ಯಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ. ಕರೆ ಸದ್ದಾಗುವಷ್ಟು ದೊಡ್ಡ ದನಿಯಿಟ್ಟು ಬಾಗಿಲು ಓರೆ ಮಾಡಿ ಮಲಗಿದರೆ ಸಾಕು. ಈ ಏರ್ಪಾಡನ್ನು ಮನೆಯವರಿಗೆಲ್ಲ ವಿವರಿಸಿದೆ. ‘ಕೆಲಸದ ಹೊತ್ತಿನಲ್ಲೂ ಅಷ್ಟೇ, ತೀರಾ ತುರ್ತಿದ್ದರೆ ಮಾತ್ರ ಬೆನ್ನುಬೆನ್ನಿಗೆ ಎರಡು ಸಲ ಮಾಡಿ’ ಎಂದು ತಂದೆಗೆ ಒತ್ತಿ ಹೇಳಿದ್ದೆ. ಮೊನ್ನೆ ಗಂಭೀರವಾದ ಚರ್ಚೆಯೊಂದರ ನಡುವೆ ಫೋನ್ ಎರಡನೆಯ ಕರೆಗೆ ಬಾಯಿಬಿಟ್ಟಿತು. ಎದೆ ಧಸಕ್ಕೆಂದು, ಎದ್ದು ಹೊರಗೋಡಿ ಎತ್ತಿಕೊಂಡೆ. ಟಿವಿ ರಿಮೋಟ್ ಎಲ್ಲಿಟ್ಟಿದ್ದೀಯ ಎಂದು ತಂದೆ ಕೇಳಿದರು.